ಸಸ್ಪೆಂಡ್‌ನಿಂದ ಎದ್ದ ಮೇಲೆ ಲ್ಯಾಪ್‌ಟಾಪ್ ಚಾರ್ಜರ್ ಸ್ಥಿತಿ ತಪ್ಪು ತೋರಿಸಿದರೆ

ಲಿನಕ್ಸ್ ಲ್ಯಾಪ್‌ಟಾಪ್ ಸಸ್ಪೆಂಡ್ ಮಾಡಿ (ಅಂದರೆ ಆಫ್ ಮಾಡದೆ ನಿದ್ದೆಗೆ ಕಳಿಸಿ), ಚಾರ್ಜರ್ ಕಿತ್ತು, ಮತ್ತೆ ತೆರೆದಾಗಲೂ ‘ಚಾರ್ಜ್ ಆಗುತ್ತಿದೆ’ ಅಂತಲೇ ತೋರಿಸುತ್ತದೆ ಅಂದಿದ್ದೀರಿ. ಸುಮ್ನೆ ಬ್ಯಾಟರಿ ಬದಲಿಸಲು ಹೋಗಬೇಡಿ. ತಪ್ಪು ಎಲ್ಲಿದೆ ಅಂತ ಮೊದಲು ನೋಡಿ.

ಚಾರ್ಜರ್ ಹಾಕಿದ್ದು, ತೆಗೆದದ್ದು ಮೊದಲು ಗೊತ್ತಾಗುವುದು ಮದರ್‌ಬೋರ್ಡ್ ಮೇಲಿನ ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್‌ಗೆ. ಅದು ಎಸಿಪಿಐ (ಹಾರ್ಡ್‌ವೇರ್ ಮತ್ತು ಆಪರೇಟಿಂಗ್ ಸಿಸ್ಟಂ ಮಾತಾಡುವ ವ್ಯವಸ್ಥೆ) ಮೂಲಕ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸುದ್ದಿ ಮುಟ್ಟಿಸುತ್ತದೆ. ಸಸ್ಪೆಂಡ್ ಆದಾಗ ಕರ್ನಲ್ ನಿದ್ದೆಯಲ್ಲಿರುತ್ತದೆ, ಅಲ್ವಾ? ಆಗ ಬಂದ ಸುದ್ದಿ ಕಳೆದುಹೋಗಬಹುದು. ಎದ್ದ ಕೂಡಲೇ ಕರ್ನಲ್ ‘ಚಾರ್ಜರ್ ಇದೆಯಾ’ ಅಂತ ಮತ್ತೆ ವಿಚಾರಿಸುತ್ತದೆ. ಆದರೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಹಳೆಯ ಉತ್ತರವೇ ಬರುತ್ತದೆ.

ಕರ್ನಲ್‌ಗೆ ಏನು ಗೊತ್ತಿದೆ ಅಂತ ನೋಡಲು ಸಿಸ್ ಡೈರೆಕ್ಟರಿಯ ಕ್ಲಾಸ್ ಒಳಗೆ ಪವರ್ ಸಪ್ಲೈ ಫೋಲ್ಡರ್ (/sys/class/power_supply) ಇದೆ. ಅಲ್ಲಿ ಅಡಾಪ್ಟರ್‌ನ ಫೋಲ್ಡರ್‌ನಲ್ಲಿ ‘ಆನ್‌ಲೈನ್’ (online) ಎಂಬ ಫೈಲ್ ತೆರೆಯಿರಿ. ಚಾರ್ಜರ್ ಇದ್ದರೆ 1, ಇಲ್ಲದಿದ್ದರೆ 0. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಕಿತ್ತ ವೈರ್ ಕೈಯಲ್ಲೇ ಇದ್ದರೂ ಅದು 1 ಅನ್ನುತ್ತಿತ್ತು. ನಿಮ್ಮಲ್ಲೂ ಹಾಗೇ ಇದ್ದರೆ ತೊಂದರೆ ಫರ್ಮ್‌ವೇರ್ (ಚಿಪ್‌ಗಳೊಳಗಿನ ಸಾಫ್ಟ್‌ವೇರ್) ಅಥವಾ ಕರ್ನಲ್‌ನದು. ವೈರ್ ಒಮ್ಮೆ ಹಾಕಿ ತೆಗೆದರೆ ಸಾಮಾನ್ಯವಾಗಿ ಸದ್ಯಕ್ಕೆ ಸರಿಹೋಗುತ್ತದೆ. ಆಮೇಲೆ ಬಯಾಸ್ (ಮದರ್‌ಬೋರ್ಡ್‌ನ ಫರ್ಮ್‌ವೇರ್) ಅಪ್‌ಡೇಟ್ ಮಾಡಿ, ಹೊಸ ಕರ್ನಲ್ ಹಾಕಿ ನೋಡಿ.

ಫೈಲ್‌ನಲ್ಲಿ ಸಂಖ್ಯೆ ಸರಿ ಇದ್ದು ಐಕಾನ್ ಮಾತ್ರ ತಪ್ಪಿದ್ದರೆ ಬ್ಯಾಟರಿ, ಚಾರ್ಜರ್ ಸ್ಥಿತಿಯನ್ನು ಡೆಸ್ಕ್‌ಟಾಪ್‌ಗೆ ತಿಳಿಸುವ ಯುಪವರ್ (upower) ಸರ್ವಿಸ್ ರೀಸ್ಟಾರ್ಟ್ ಮಾಡಿ. ಆಗಲೂ ಬದಲಾಗದಿದ್ದರೆ ಒಮ್ಮೆ ಲಾಗ್‌ಔಟ್ ಮಾಡಿ ಬನ್ನಿ.