ತಮ್ಮಾ, ಟೆಮಾಗಾಮಿಗೆ ಹೋಗು, ಆದರೆ ಮೇ ತಿಂಗಳಲ್ಲಿ ಬೇಡ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಜನವರಿಯಲ್ಲಿ ಮಿಸ್ಸಿಸಾಗಾಕ್ಕೆ ಬಂದಿದ್ದೀಯ. ಆಫೀಸಿನ ಗೆಳೆಯರು ಮೇ ಲಾಂಗ್ ವೀಕೆಂಡಿಗೆ ರಜೆ ಸೇರಿಸಿಕೊಂಡು ಏಳು ದಿನ ಉತ್ತರ ಒಂಟಾರಿಯೋದ ಟೆಮಾಗಾಮಿ ಕಡೆ ಕನೂ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಟ್ರಿಪ್ ಹೊರಟಿದ್ದಾರೆ, ನಿನ್ನನ್ನೂ ಕರೆದಿದ್ದಾರೆ. "ಅಕ್ಕಾ, ನನಗೆ ಈಜು ಬರಲ್ಲ. ಹೋಗಬಹುದಾ? ಏನೇನು ಕೊಳ್ಳಬೇಕು?" ಅಂತ ಕೇಳಿದ್ದೀಯ.

ಖಂಡಿತ ಹೋಗು. ಒಂಟಾರಿಯೋ ಅಂದರೆ ಏನು ಅಂತ ತಿಳಿಯಬೇಕಾದರೆ ಹೈವೇ, ಮಾಲ್ ಬಿಟ್ಟು ಒಂದು ಸಲವಾದರೂ ನೀರಿನ ದಾರಿ ಹಿಡಿಯಬೇಕು. ಈ ಮಾತನ್ನು ನಮ್ಮವರು ಯಾರು ಕೇಳಿದರೂ ಹೇಳುತ್ತೇನೆ. ಆದರೆ ಮೇ ತಿಂಗಳಲ್ಲಿ ಬೇಡ. ಮೊದಲ ಸಲಕ್ಕೇ ಏಳು ದಿನವೂ ಬೇಡ.

ಮೇ ಯಾಕೆ ಬೇಡ ಅಂದರೆ, ಆ ಹೊತ್ತಿಗೆ ಗಾಳಿ ಬೆಚ್ಚಗಾಗಿರುತ್ತದೆ, ಟೀ ಶರ್ಟಿನಲ್ಲಿ ಓಡಾಡುವಷ್ಟು ಬಿಸಿಲು ಇರುತ್ತದೆ. ನೀರು ಮಾತ್ರ ಹಾಗಿರುವುದಿಲ್ಲ. ಟೆಮಾಗಾಮಿಯ ದೊಡ್ಡ ಕೆರೆಗಳ ಮೇಲಿನ ಮಂಜುಗಡ್ಡೆ ಕರಗಿ ಆಗಿನ್ನೂ ಕೆಲವೇ ವಾರ ಆಗಿರುತ್ತದೆ. ಅಂಥ ನೀರಿಗೆ ಬಿದ್ದರೆ ಮೊದಲು ಆಗುವುದು ಉಸಿರು ಎಳೆದುಕೊಳ್ಳುವುದು. ಬೇಡ ಅಂದರೂ ಬಾಯಿ ತೆರೆದು ಜೋರಾಗಿ ಎಳೆದುಕೊಳ್ಳುತ್ತೇವೆ. ತಲೆ ನೀರೊಳಗಿದ್ದರೆ ಅದೇ ಉಸಿರಿಗೆ ನೀರು ಒಳಗೆ ಹೋಗುತ್ತದೆ. ಇಲ್ಲಿ 1-10-1 ಅಂತ ಒಂದು ಲೆಕ್ಕ ಕಲಿಸುತ್ತಾರೆ. ಉಸಿರು ಹಿಡಿತಕ್ಕೆ ಬರಲು 1 ನಿಮಿಷ. ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ. ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಮನಿಟೋಬಾ ಯೂನಿವರ್ಸಿಟಿಯ ಪ್ರೊಫೆಸರ್ ಗಾರ್ಡನ್ ಗೀಸ್‌ಬ್ರೆಕ್ಟ್ ಜನರಿಗೆ ತಲುಪಿಸಿದ ಲೆಕ್ಕ ಇದು. ಆ ಒಂದು ಗಂಟೆ ಸಿಗುವುದು ಲೈಫ್ ಜಾಕೆಟ್ ತೊಟ್ಟವರಿಗೆ ಮಾತ್ರ. ಇಲ್ಲದವರು ಅದಕ್ಕೆ ಬಹಳ ಮುಂಚೆಯೇ ಕೈಕಾಲು ಸೋತು ಮುಳುಗಬಹುದು, ಒಳ್ಳೆಯ ಈಜುಗಾರರಾದರೂ ಸರಿ.

ಅದಕ್ಕೇ ನಿನ್ನ ಈಜಿನ ಪ್ರಶ್ನೆಗೆ ನನ್ನ ಉತ್ತರ ಎರಡು ಭಾಗ. ಕೆನಡಾದ ಕಾನೂನಿನಲ್ಲಿ ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಇರಬೇಕು. ಜೊತೆಗೆ 15 ಮೀಟರಿನ ತೇಲುವ ಹಗ್ಗ, ನೀರು ಮೊಗೆದು ಹಾಕಲು ಒಂದು ಪಾತ್ರೆ, ಒಂದು ಸೀಟಿ. ನೀನು ಜಾಕೆಟ್ಟನ್ನು ಕಾಲಡಿ ಇಟ್ಟುಕೊಳ್ಳಬೇಡ. ದಡ ಬಿಡುವಾಗ ಜಿಪ್ ಹಾಕಿದರೆ ದಡ ಸೇರಿದ ಮೇಲೆಯೇ ತೆಗೆಯಬೇಕು. ಎರಡನೆಯದು, ಈಗಲೇ ನಿಮ್ಮ ಸಿಟಿಯ ಕಮ್ಯುನಿಟಿ ಸೆಂಟರಿನಲ್ಲಿ ದೊಡ್ಡವರ ಈಜು ಕ್ಲಾಸಿಗೆ ಸೇರು. ನಾಚಿಕೆ ಬೇಡ. ಅಲ್ಲಿ ನಿನ್ನ ಹಾಗೆ ಮೂವತ್ತು ದಾಟಿ ಕಲಿಯುವವರು ಬೇಕಾದಷ್ಟು ಜನ ಇರುತ್ತಾರೆ.

ಮೇ ಬೇಡ ಅನ್ನಲು ಇನ್ನೊಂದು ಕಾರಣ ಬ್ಲ್ಯಾಕ್ ಫ್ಲೈ. ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡ ನೊಣ, ಹರಿಯುವ ನೀರಿನಲ್ಲಿ ಹುಟ್ಟುತ್ತದೆ. ಮೇ ನಡುವಿನಿಂದ ಜೂನ್ ತನಕ ಅದರದೇ ರಾಜ್ಯ. ಕಿವಿಯ ಹಿಂದೆ, ಕೂದಲು ಶುರುವಾಗುವ ಜಾಗದಲ್ಲಿ, ಕಾಲುಚೀಲದ ಅಂಚಿನಲ್ಲಿ ನುಸುಳಿ ಕಚ್ಚುತ್ತದೆ. ಕಚ್ಚಿದ್ದು ಆಗ ಗೊತ್ತಾಗುವುದಿಲ್ಲ, ಕುತ್ತಿಗೆ ಮುಟ್ಟಿ ನೋಡಿದಾಗ ಬೆರಳಿಗೆ ರಕ್ತ ಹತ್ತಿರುತ್ತದೆ. ಮಲೆನಾಡಿನ ಇಂಬಳವನ್ನಾದರೂ ಉಪ್ಪು ಹಾಕಿ ಬಿಡಿಸಬಹುದು, ಇದಕ್ಕೆ ಅಂಥ ಮದ್ದಿಲ್ಲ. ತಲೆಗೆ ಬಲೆ, ತಿಳಿ ಬಣ್ಣದ ಬಟ್ಟೆ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು, ಅಷ್ಟೇ. ಇವುಗಳ ಕಾಟ ಮುಗಿಯುವ ಹೊತ್ತಿಗೆ ಸೊಳ್ಳೆ ಬರುತ್ತವೆ. ಆಗಸ್ಟ್ ಕೊನೆಗೆ ಎರಡೂ ಕಡಿಮೆ, ನೀರೂ ಬೆಚ್ಚಗೆ. ನಾನು ಹೊಸಬರಿಗೆ ಹೇಳುವುದು ಆ ವಾರಗಳನ್ನೇ.

ಹಾಗಾದರೆ ಎಲ್ಲಿಗೆ? ಮೊದಲು ಅಲ್ಗಾಂಕ್ವಿನ್. 1893ರಲ್ಲಿ ಆದ ಪಾರ್ಕ್, 7,600 ಚದರ ಕಿಲೋಮೀಟರಿಗೂ ಜಾಸ್ತಿ, ಟೊರಾಂಟೋದಿಂದ ಮೂರು ಗಂಟೆ ಚಿಲ್ಲರೆ ದಾರಿ. ಕನೂ ಲೇಕ್ ಎಂಬ ಕಡೆಯಿಂದ ಹೊರಟು, ಜೋ ಲೇಕ್ ದಾಟಿ, ಟಾಮ್ ಥಾಮ್ಸನ್ ಲೇಕ್ ತನಕ ಹೋಗಿ ಎರಡು ರಾತ್ರಿ ಕಳೆದು ಬಾ. ಟಾಮ್ ಥಾಮ್ಸನ್ ಇಲ್ಲಿನ ದೊಡ್ಡ ಚಿತ್ರಕಾರ, ಈ ಕಾಡನ್ನೇ ಬರೆದವನು. 1917ರಲ್ಲಿ ಸತ್ತಿದ್ದೂ ಅದೇ ಕನೂ ಲೇಕ್‌ನಲ್ಲಿ, ಒಂಟಿಯಾಗಿ ದೋಣಿಯಲ್ಲಿ ಹೋದಾಗ. ವರ್ಷಗಟ್ಟಲೆ ಹುಟ್ಟು ಹಾಕಿದ್ದ ಮನುಷ್ಯ.

ಅಲ್ಲಿ ಬುಕಿಂಗ್ 5 ತಿಂಗಳು ಮುಂಚೆ ತೆರೆಯುತ್ತದೆ. ಬುಕ್ ಮಾಡುವುದು ಕೆರೆಯನ್ನು, ನಿರ್ದಿಷ್ಟ ಜಾಗವನ್ನಲ್ಲ. ಕೆರೆ ಸೇರಿದ ಮೇಲೆ ಕಿತ್ತಳೆ ಬಣ್ಣದ ಬೋರ್ಡ್ ಇರುವ ಯಾವ ಜಾಗ ಖಾಲಿ ಇದೆಯೋ ಅದು ನಿನ್ನದು. ಅದಕ್ಕೇ ಮಧ್ಯಾಹ್ನದೊಳಗೆ ಅಲ್ಲಿರಬೇಕು. ಕತ್ತಲಾದ ಮೇಲೆ ಜಾಗ ಹುಡುಕುತ್ತಾ ಹುಟ್ಟು ಹಾಕುವ ಪರಿಸ್ಥಿತಿ ಬರಬಾರದು.

ಕನೂ ಲೇಕ್‌ನಿಂದ ಜೋ ಲೇಕ್‌ಗೆ 295 ಮೀಟರ್ ಪೋರ್ಟೇಜ್ ಇದೆ. ಅಂದರೆ ದೋಣಿ, ಸಾಮಾನು ಎಲ್ಲ ಹೊತ್ತು ನಡೆಯುವ ದಾರಿ. ಕೆವ್ಲರ್ ಎಂಬ ಹಗುರವಾದ, ಗಟ್ಟಿ ನಾರಿನ ದೋಣಿ ಸುಮಾರು 20 ಕಿಲೋ, ಅಲ್ಯೂಮಿನಿಯಂ ಆದರೆ 30 ದಾಟುತ್ತದೆ. ಕೆವ್ಲರ್ ಬಾಡಿಗೆಗೆ ತಗೋ, ದುಡ್ಡು ಜಾಸ್ತಿಯಾದರೂ. ದೋಣಿಯನ್ನು ತೊಡೆಯ ಮೇಲೆ ಏರಿಸಿಕೊಂಡು, ಒಂದೇ ಸಲಕ್ಕೆ ತಿರುಗಿಸಿ ತಲೆಯ ಮೇಲೆ ಬೋರಲು ಹಾಕಿಕೊಳ್ಳಬೇಕು. ನಡುವಿನ ಅಡ್ಡಮರ ಎರಡೂ ಹೆಗಲ ಮೇಲೆ ಕೂರುತ್ತದೆ. ಆಮೇಲೆ ಕಣ್ಣಿಗೆ ಕಾಣುವುದು ಮುಂದಿನ ನಾಲ್ಕು ಹೆಜ್ಜೆ ಮಾತ್ರ. ಬೇರು, ಒದ್ದೆ ಕಲ್ಲು, ಕೆಸರು. ಹೆಚ್ಚಿನವರು ಎರಡು ಕಂತಿನಲ್ಲಿ ಸಾಗಿಸುತ್ತಾರೆ. ಮ್ಯಾಪಿನಲ್ಲಿ 1 ಕಿಲೋಮೀಟರ್ ಪೋರ್ಟೇಜ್ ಇದ್ದರೆ ನೀನು ನಡೆಯುವುದು 3 ಕಿಲೋಮೀಟರ್: ಹೊತ್ತು ಹೋಗಿ, ಖಾಲಿ ಬಂದು, ಮತ್ತೆ ಹೊತ್ತು. ನಿನ್ನ ಗೆಳೆಯರು ಹಾಕಿದ ದಿನದ ಲೆಕ್ಕದಲ್ಲಿ ಇದು ಸೇರಿದೆಯಾ ಕೇಳು. ಹೊಸಬರಿಗೆ ದಿನಕ್ಕೆ 12 ಕಿಲೋಮೀಟರ್ ಸಾಕು.

ಟೆಮಾಗಾಮಿ ಬೇರೆಯೇ ಥರ. ಟೊರಾಂಟೋದಿಂದ ಹೈವೇ 11 ಹಿಡಿದು ನಾರ್ತ್ ಬೇ ದಾಟಿ ಇನ್ನೂ 100 ಕಿಲೋಮೀಟರ್ ಆಸುಪಾಸು. ಅಲ್ಲಿಂದ ಲೇಡಿ ಎವೆಲಿನ್ ನದಿಯ ಕಡೆ ಹೊರಟರೆ ಫೋನ್ ಸಿಗ್ನಲ್ ಇರುವುದಿಲ್ಲ. ಕಾಲು ಮುರಿದರೆ ರಸ್ತೆಗೆ ಬರಲು ಎರಡು ಮೂರು ದಿನ ಬೇಕಾಗಬಹುದು. ಎಲ್ಲ ಯೋಜನೆಯನ್ನೂ ಈ ಒಂದು ವಿಷಯದ ಸುತ್ತ ಹಾಕಬೇಕು. ಪ್ರತಿ ರಾತ್ರಿ ಎಲ್ಲಿರುತ್ತೀರಿ ಅಂತ ಬರೆದು ಊರಲ್ಲಿರುವ ಒಬ್ಬರ ಕೈಗೆ ಕೊಡಬೇಕು. ಇಂಥ ದಿನ ಇಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಪೊಲೀಸರಿಗೆ ತಿಳಿಸಿ ಅಂತ ಹೇಳಿರಬೇಕು. ಗಾರ್ಮಿನ್ ಇನ್‌ರೀಚ್ ಥರದ ಸ್ಯಾಟಲೈಟ್ ಸಾಧನ ಬಾಡಿಗೆಗೆ ಸಿಗುತ್ತದೆ. ಅದು ಗುಂಪಿನ ನಾಯಕನ ಬ್ಯಾಗಿನ ತಳದಲ್ಲಿ ಇರಬಾರದು, ಜಾಕೆಟ್ಟಿಗೆ ಕಟ್ಟಿರಬೇಕು.

ದಿಕ್ಸೂಚಿಯ ಬಗ್ಗೆ ಒಂದು ಮಾತು. ಕರ್ನಾಟಕದಲ್ಲಿ ಸೂಜಿ ತೋರಿಸುವ ಉತ್ತರಕ್ಕೂ ಮ್ಯಾಪಿನ ಉತ್ತರಕ್ಕೂ ಹೆಚ್ಚೇನೂ ವ್ಯತ್ಯಾಸ ಇಲ್ಲ, ಚಾರಣಕ್ಕೆ ಹೋಗುವಾಗ ಅದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಟೆಮಾಗಾಮಿಯಲ್ಲಿ ಸೂಜಿ 10 ಡಿಗ್ರಿಗಿಂತ ಜಾಸ್ತಿ ಪಶ್ಚಿಮಕ್ಕೆ ವಾಲುತ್ತದೆ. ತಿದ್ದಿಕೊಳ್ಳದೆ 1 ಕಿಲೋಮೀಟರ್ ಕೆರೆ ದಾಟಿದರೆ 180 ಮೀಟರಿನಷ್ಟು ಪಕ್ಕಕ್ಕೆ ಹೋಗಿರುತ್ತೀಯ. ಎಲ್ಲ ದಡವೂ ಒಂದೇ ಥರ ಕಾಣುವ ಕಡೆ ಅಷ್ಟು ಸಾಕು, ಪೋರ್ಟೇಜಿನ ಬಾಯಿ ಸಿಗುವುದಿಲ್ಲ.

ಇನ್ನು ನಿನಗೆ ಮಾತ್ರ ಅನ್ವಯಿಸುವ ಸಂಗತಿ. ಅಲ್ಲಿನ ಬಹುಪಾಲು ಜಾಗ ಕ್ರೌನ್ ಲ್ಯಾಂಡ್, ಅಂದರೆ ಸರ್ಕಾರಿ ಭೂಮಿ. ಇಲ್ಲಿನ ನಿವಾಸಿಗಳು ಒಂದು ಜಾಗದಲ್ಲಿ 21 ದಿನದವರೆಗೆ ಬಿಟ್ಟಿ ಡೇರೆ ಹಾಕಬಹುದು. ಹಿಂದಿನ 12 ತಿಂಗಳಲ್ಲಿ 7 ತಿಂಗಳಾದರೂ ಕೆನಡಾದಲ್ಲಿ ಇರದ ವಿದೇಶಿಯರಿಗೆ ಪರ್ಮಿಟ್ ಬೇಕು. ನಿನ್ನ ಗೆಳೆಯರಿಗೆ ಇದು ಗೊತ್ತಿರಲಿಕ್ಕಿಲ್ಲ, ಅವರಿಗೆ ಬೇಕಾಗಿಲ್ಲವಲ್ಲ. ಮೇ ತಿಂಗಳಿಗೆ ನಿನ್ನದು 7 ಆಗಿರುವುದಿಲ್ಲ.

ಆ ನೆಲಕ್ಕೆ ಸರ್ಕಾರಕ್ಕಿಂತ ಹಳೆಯ ಒಡೆಯರಿದ್ದಾರೆ, ಟೆಮೆ-ಅಗಾಮಾ ಅನಿಶಿನಾಬೆ ಜನ. ನೀನು ನಡೆಯುವ ಪೋರ್ಟೇಜ್‌ಗಳಲ್ಲಿ ಎಷ್ಟೋ ಅವರ ಹಿರಿಯರು ತುಳಿದು ಮಾಡಿದ ದಾರಿ. 1989ರಲ್ಲಿ ಮರ ಸಾಗಿಸಲು ರೆಡ್ ಸ್ಕ್ವಿರಲ್ ರಸ್ತೆ ಉದ್ದ ಮಾಡಲು ಹೊರಟಾಗ ಅವರು ಅಡ್ಡ ನಿಂತರು. ಪರಿಸರದವರೂ ಬಂದು ಕೂತರು. ಆಗ ಅರೆಸ್ಟ್ ಆದವರಲ್ಲಿ ಮರುವರ್ಷ ಒಂಟಾರಿಯೋದ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಆದ ಬಾಬ್ ರೇ ಕೂಡ ಒಬ್ಬರು. ನೀನು ನೋಡಲು ಹೋಗುವ ಹಳೆಯ ಪೈನ್ ಮರಗಳು ಹೀಗೆ ಜಗಳವಾಡಿ ಉಳಿಸಿದವು. ಒಂದು ಪ್ಲಾಸ್ಟಿಕ್ ಚೂರೂ ಅಲ್ಲಿ ಬಿಡಬೇಡ.

ಊಟದ ಚಿಂತೆ ಬಿಡು, ನಮ್ಮ ಅಡುಗೆಮನೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಲ್ಗಾಂಕ್ವಿನ್ ಒಳಭಾಗಕ್ಕೆ ತಗಡಿನ ಡಬ್ಬಿ, ಗಾಜಿನ ಬಾಟಲಿಯ ಆಹಾರ ಒಯ್ಯುವಂತಿಲ್ಲ. ಗೊಜ್ಜವಲಕ್ಕಿ ಪುಡಿ ಕಲಸಿ ಜಿಪ್ ಕವರಿಗೆ ಹಾಕು. ರವೆಯನ್ನು ಒಗ್ಗರಣೆಯೊಂದಿಗೇ ಹುರಿದಿಟ್ಟುಕೋ, ಬಿಸಿನೀರು ಹಾಕಿದರೆ ಉಪ್ಪಿಟ್ಟು. ತೊಗರಿಬೇಳೆ ಬೇಡ, ಕುಕ್ಕರ್ ಇಲ್ಲದೆ ಬೇಯಿಸಲು ಗ್ಯಾಸೆಲ್ಲ ಖಾಲಿ. ಹೆಸರುಬೇಳೆ ಅಕ್ಕಿ ಸೇರಿಸಿ ಖಾರ ಪೊಂಗಲ್ ಮಾಡು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಧ್ಯಾಹ್ನಕ್ಕೆ, ಒಲೆ ಹಚ್ಚುವ ಕೆಲಸವೇ ಇಲ್ಲ. ಕುಡಿಯುವ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸು, ಇಲ್ಲವೇ ಫಿಲ್ಟರ್ ಮಾಡು. ರಾತ್ರಿ ಎಲ್ಲ ಆಹಾರ, ಟೂತ್‌ಪೇಸ್ಟ್ ಸಮೇತ, ಡೇರೆಯಿಂದ ದೂರ ಒಯ್ದು ನಾಲ್ಕು ಮೀಟರ್ ಎತ್ತರದ ಕೊಂಬೆಗೆ ನೇತುಹಾಕು, ಕಾಂಡಕ್ಕೆ ತಾಗದ ಹಾಗೆ. ಕರಡಿಗೆ ಒಮ್ಮೆ ಮನುಷ್ಯರ ಊಟದ ರುಚಿ ಹತ್ತಿದರೆ ಆಮೇಲೆ ಸಾಯುವುದು ಕರಡಿಯೇ.

ಕೊಳ್ಳುವುದಕ್ಕೆ ಹೋಗಬೇಡ. ನಿನ್ನ ಮೈಗೆ ಸರಿಹೊಂದುವ ಲೈಫ್ ಜಾಕೆಟ್, ಒಂದು ಒಳ್ಳೆಯ ಮಳೆ ಕೋಟು, ಇವೆರಡು ನಿನ್ನದಾಗಿರಲಿ. ಮಿಕ್ಕಿದ್ದೆಲ್ಲ ಬಾಡಿಗೆಗೆ ಸಿಗುತ್ತದೆ.

ಗೆಳೆಯರ ಹತ್ತಿರ ಈ ವಾರವೇ ಮಾತಾಡು. ಇದಕ್ಕೆ ಮುಂಚೆ ಯಾರು ಆ ದಾರಿಯಲ್ಲಿ ಹೋಗಿದ್ದಾರೆ? ಗಾಳಿ ಜೋರಾಗಿ ದೋಣಿ ಇಳಿಸಲಾಗದ ದಿನಕ್ಕೆ ಅಂತ ಒಂದು ದಿನ, ಒಂದು ದಿನದ ಊಟ ಹೆಚ್ಚಿಗೆ ಇಟ್ಟಿದ್ದಾರಾ? ನಡುವೆ ವಾಪಸ್ ಬರುವ ದಾರಿ ಯಾವುದು? ಸರಿಯಾದ ಉತ್ತರ ಸಿಗದಿದ್ದರೆ ಈ ಸಲ ಬರಲ್ಲ ಅಂತ ನೇರವಾಗಿ ಹೇಳು, ಆಗಸ್ಟ್ ಕೊನೆಗೆ ಅಲ್ಗಾಂಕ್ವಿನ್‌ಗೆ ಅವರನ್ನೇ ಕರಿ. ಊಟದ ಸಾಮಾನಿಗೆ 60 ಲೀಟರಿನ ನೀಲಿ ಬ್ಯಾರೆಲ್ ನಮ್ಮನೆಯಲ್ಲಿದೆ. ದಿನಾಂಕ ಗೊತ್ತಾದ ಮೇಲೆ ತಿಳಿಸು, ಜುಲೈನಲ್ಲಿ ಟೊರಾಂಟೋಗೆ ಬರುವಾಗ ತಂದುಕೊಡುತ್ತೇನೆ.