ಬ್ಯಾಂಕಾಕ್‌ಗೆ ಹೊರಟವರು ಥಾಯ್ ಮಾತು ಎಲ್ಲಿಂದ ಶುರು ಮಾಡಬೇಕು? ಕೋಳಿ ಮತ್ತು ಮೊಟ್ಟೆಯಿಂದ

ಮುಂದಿನ ತಿಂಗಳು ಕೆಲಸದ ಮೇಲೆ ಬ್ಯಾಂಕಾಕ್‌ಗೆ ಹೋಗುತ್ತಿದ್ದೀರಿ, ಥಾಯ್ ಒಂದು ಪದವೂ ಬರುವುದಿಲ್ಲ. ಮಾತಾಡಲು ಎಲ್ಲಿಂದ ಶುರು ಮಾಡಬೇಕು, ಲಿಪಿ ಕಲಿಯಲೇಬೇಕಾ, ಸಂಸ್ಕೃತ ಪದ ಜಾಸ್ತಿ ಇರುವುದರಿಂದ ನಮಗೆ ಸುಲಭ ಅನ್ನುತ್ತಾರಲ್ಲ ಅದು ನಿಜವಾ ಅಂತ ಕೇಳಿದ್ದೀರಿ. ನಾನು ಹಾಸನದ ಕಡೆಯವನು, ಅಲ್ಲಿ ಮೂರು ವರ್ಷ ಇದ್ದೆ. ಹೋದಾಗ ನನಗೂ 'ಸವತ್ ದೀ ಖ್ರಪ್', ಅಂದರೆ ನಮಸ್ಕಾರ, ಅದೊಂದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಮುಂದೆ ಓದುವ ಮುಂಚೆ ಒಂದು ಮಾತು. ಈ ಉತ್ತರದಲ್ಲಿ ನಾನು 'ಫ' ಅಂತ ಬರೆದ ಕಡೆಯೆಲ್ಲ ಹಳೇ ಮೇಷ್ಟರು ಹೇಳಿಕೊಟ್ಟ ಫ ಓದಿಕೊಳ್ಳಿ, ಅಂದರೆ 'ಪ'ಗೆ ಉಸಿರು ಸೇರಿಸಿ. ಫ್ಯಾನಿನ ಫ ಅಲ್ಲ.

ನಾನು ಮೊಟ್ಟೆ ತಿನ್ನುತ್ತೇನೆ, ಕೋಳಿ ತಿನ್ನುವುದಿಲ್ಲ. ನಾನಿದ್ದ ಓಣಿಯ ಬಾಯಲ್ಲಿ ಒಬ್ಬ ಹೆಂಗಸು ತಳ್ಳುಗಾಡಿ ಇಟ್ಟುಕೊಂಡಿದ್ದರು. ಮೊದಲ ವಾರ ಅಲ್ಲಿ ಹೋಗಿ 'ಖಾವ್ ಫತ್ ಖೈ' ಕೇಳಿದೆ. ಮೊಟ್ಟೆ ಹಾಕಿ ಹುರಿದ ಅನ್ನ. ಬಂದದ್ದು ಕೋಳಿ ಅನ್ನ. ಮಾರನೇ ದಿನ ಇನ್ನೂ ಜೋರಾಗಿ ಕೇಳಿದೆ. ಮತ್ತೆ ಕೋಳಿ. ಮೂರನೇ ದಿನ ಆಕೆ ಸೌಟು ಪಕ್ಕಕ್ಕಿಟ್ಟು, ಒಂದು ಮೊಟ್ಟೆ ಎತ್ತಿ ನನ್ನ ಮುಖದ ಮುಂದೆ ಹಿಡಿದು 'ಖೈ' ಅಂದರು. ಗಾಜಿನ ಪೆಟ್ಟಿಗೆಯಲ್ಲಿದ್ದ ಕೋಳಿ ತುಂಡು ತೋರಿಸಿ 'ಕೈ' ಅಂದರು. ಆಮೇಲೆ ತಮ್ಮ ಅಂಗೈಯನ್ನು ಬಾಯಿ ಮುಂದೆ ಇಟ್ಟುಕೊಂಡು ಮತ್ತೆ ಎರಡನ್ನೂ ಹೇಳಿ, ನೀನೂ ಮಾಡು ಅಂತ ಸನ್ನೆ ಮಾಡಿದರು. 'ಖೈ' ಅಂದಾಗ ಉಸಿರು ಅಂಗೈಗೆ ಬಡಿಯಬೇಕು. ನನ್ನದು ಬಡಿಯುತ್ತಲೇ ಇರಲಿಲ್ಲ.

ಯಾಕೆ ಅಂದರೆ ನಾವು ಮಹಾಪ್ರಾಣ ಬರೆಯುತ್ತೇವೆ, ಮಾತಲ್ಲಿ ನುಂಗುತ್ತೇವೆ. ಖುಷಿ ಅಂತ ಬರೆದು ಕುಷಿ ಅನ್ನುತ್ತೇವೆ, ಭಾರತ ಅಂತ ಬರೆದು ಬಾರತ ಅನ್ನುತ್ತೇವೆ. ಕನ್ನಡದಲ್ಲಿ ಅದರಿಂದ ಏನೂ ಕೆಡುವುದಿಲ್ಲ. ಥಾಯ್‌ನಲ್ಲಿ ಕೋಳಿಗೂ ಮೊಟ್ಟೆಗೂ ಟೋನ್, ಅಂದರೆ ದನಿಯ ಏರಿಳಿತ, ಕೂಡ ಒಂದೇ, ಇರುವ ವ್ಯತ್ಯಾಸ ಆ ಒಂದು ಉಸಿರು ಮಾತ್ರ. 'ಪಾ' ಅಂದರೆ ದೊಡ್ಡಮ್ಮ, 'ಫಾ' ಅಂದರೆ ಬಟ್ಟೆ, ಅಲ್ಲೂ ಇದೇ ಕಥೆ. ಆಮೇಲೆ ಲಿಪಿ ಕಲಿಯಲು ಕೂತಾಗ ನೋಡುತ್ತೇನೆ, ಅವರ ವರ್ಣಮಾಲೆಯ ಮೊದಲ ಎರಡು ಅಕ್ಷರವೇ 'ಕೊ ಕೈ, ಖೊ ಖೈ'. ನಾವು ಅ ಅರಸ, ಆ ಆನೆ ಅನ್ನುವ ಹಾಗೆ ಅವರ ಮಕ್ಕಳು ಕ ಕೋಳಿಯ ಕ, ಖ ಮೊಟ್ಟೆಯ ಖ ಅಂತ ಶುರು ಮಾಡುತ್ತಾರೆ.

ಹಾಗಾಗಿ ನನ್ನ ಸಲಹೆ ಇದು: ಥಾಯ್ ಅನ್ನು ಇಂಗ್ಲಿಷ್ ಮೂಲಕ ಕಲಿಯಬೇಡಿ. ನೋಟ್‌ಬುಕ್ಕಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಥಾಯ್ ಓದಿ ಎಲ್ಲರೂ ದಾರಿ ತಪ್ಪುತ್ತಾರೆ. ಪಿ ಎಚ್ ನೋಡಿ ಫ್ಯಾನಿನ ಫ ಹಚ್ಚುತ್ತಾರೆ, ದೀರ್ಘ ಯಾವುದು ಹ್ರಸ್ವ ಯಾವುದು ತಿಳಿಯುವುದಿಲ್ಲ. ಕ ಖ, ತ ಥ, ಪ ಫ, ಇ ಈ ಇವೆಲ್ಲ ನಮ್ಮಲ್ಲಿ ಮೊದಲೇ ಇವೆ. ಇಂಗ್ಲಿಷ್ ಮಾತಾಡುವವರು ಥಾಯ್ 'ಪ' ಹೇಳಲು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನಮಗೆ ಅದು ಪಕ್ಕದ ಮನೆ ಪದ್ದಮ್ಮನ ಪ, ಅಷ್ಟೆ. ಶಾಲೆಯಲ್ಲಿ ಸುಮ್ನೆ ಬಾಯಿಪಾಠ ಮಾಡಿ ಜೀವನದಲ್ಲಿ ಒಮ್ಮೆಯೂ ಬಳಸದ 'ಙ' ಇದೆಯಲ್ಲ, ಅದಕ್ಕೂ ಕಡೆಗೂ ಕೆಲಸ ಸಿಕ್ಕಿತು. 'ಙಾನ್' ಅಂದರೆ ಕೆಲಸ, 'ಙೂ' ಅಂದರೆ ಹಾವು. 'ಮಂಗ' ಅನ್ನಲು ಹೊರಟು 'ಗ' ಬರುವ ಮುಂಚೆ ನಿಲ್ಲಿಸಿ ನೋಡಿ, ಆ ಮೂಗಿನ ದನಿಯೇ ಅದು.

ನಮ್ಮ ಬಾಯಿಯ ಇನ್ನೊಂದು ಕೆಟ್ಟ ಅಭ್ಯಾಸ, ಪದದ ಕೊನೆಗೆ 'ಉ' ಅಂಟಿಸುವುದು. ಬಸ್ಸು, ಬ್ಯಾಂಕು, ಕಪ್ಪು ಅಂದುಕೊಂಡೇ ಬೆಳೆದವರು ನಾವು. ಥಾಯ್‌ನಲ್ಲಿ 'ಮಾಕ್' ಅಂದರೆ ತುಂಬಾ. ನಾನು 'ಮಾಕು' ಅಂದಾಗಲೆಲ್ಲ ಆಫೀಸಿನವರು ನಗುತ್ತಿದ್ದರು. ಅಲ್ಲಿ ಕೊನೆಯ ಕ್, ತ್, ಪ್ ಬಾಯಲ್ಲೇ ಮುಚ್ಚಿಹೋಗಬೇಕು, ಹೊರಗೆ ಸಿಡಿಯಬಾರದು. 'ಖ್ರಪ್' ಅಂದಮೇಲೆ ತುಟಿ ಮುಚ್ಚೇ ಇರಲಿ. ಈ 'ಖ್ರಪ್' ಗಂಡಸರು ಮರ್ಯಾದೆಗೆ ಮಾತಿನ ಕೊನೆಗೆ ಸೇರಿಸುವ ಪದ, ಹೆಂಗಸರು 'ಖಾ' ಅನ್ನುತ್ತಾರೆ. ರಸ್ತೆಯಲ್ಲಿ ನಿಮಗೆ 'ಖಪ್' ಅಂತಲೇ ಜಾಸ್ತಿ ಕೇಳಿಸುತ್ತೆ. ಬ್ಯಾಂಕಾಕ್‌ನವರು ಮಾತಿನ ಭರದಲ್ಲಿ 'ರ' ನುಂಗುತ್ತಾರೆ, ಇಲ್ಲ 'ಲ' ಮಾಡುತ್ತಾರೆ. 'ಅರೊಯ್' ಅಂದರೆ ರುಚಿ, ಅದು 'ಅಲೊಯ್' ಆಗುತ್ತೆ. ನಮ್ಮಲ್ಲಿ ಕೆಲವರಿಗೆ ಹಾಲು 'ಆಲು' ಆಗುವುದಿಲ್ವಾ, ಹಾಗೆ.

ಈಗ ಎಲ್ಲರೂ ಹೆದರುವ ಟೋನ್ ವಿಷಯ. ಐದು ಇವೆ: ಸಮ, ಕೆಳಗೆ, ಮೇಲಿಂದ ಬೀಳುವುದು, ಮೇಲೆ, ಕೆಳಗಿಂದ ಏರುವುದು. ಪುಸ್ತಕದ ಬಾಣದ ಗುರುತು ನೋಡಿ ನನಗೆ ಏನೂ ತಲೆಗೆ ಹತ್ತಲಿಲ್ಲ. ಕೊನೆಗೆ ಉಪಯೋಗಕ್ಕೆ ಬಂದದ್ದು ನಮ್ಮ 'ಹೂಂ'. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುತ್ತೇವಲ್ಲ, ಅದು ಸಮ. ಬೇಜಾರಲ್ಲಿ ದನಿ ನೆಲಕ್ಕಿಟ್ಟು ಅನ್ನುವ ಹೂಂ ಕೆಳಗಿನದು. 'ಹೂಂ, ಗೊತ್ತಾಯ್ತು ಬಿಡು' ಅಂತ ರೇಗುವಾಗ ಬರುವ ಹೂಂ ಮೇಲಿಂದ ಬೀಳುತ್ತೆ. ಕೇಳಿಸದೆ 'ಹೂಂ?' ಅಂದರೆ ಏರುತ್ತೆ. ಮಗು ಹಟ ಹಿಡಿದು ಮೇಲಿನ ದನಿಯಲ್ಲೇ 'ಊಂ ಊಂ' ಅನ್ನುತ್ತಲ್ಲ, ಅದು ಮೇಲಿನದು. ಐದೂ ನಮ್ಮ ಬಾಯಲ್ಲಿವೆ. ವ್ಯತ್ಯಾಸ ಏನೆಂದರೆ ನಮ್ಮಲ್ಲಿ ದನಿ ಬದಲಾದರೆ ಭಾವ ಬದಲಾಗುತ್ತೆ, ಅವರಲ್ಲಿ ಪದವೇ ಬದಲಾಗುತ್ತೆ. 'ಮಾ' ಸಮವಾಗಿ ಅಂದರೆ ಬಾ, ಮೇಲೆ ಅಂದರೆ ಕುದುರೆ, ಏರಿಸಿ ಅಂದರೆ ನಾಯಿ. 'ಸೂವಯ್' ಏರಿಸಿದರೆ ಚೆಲುವೆ, ಸಮವಾಗಿ ಅಂದರೆ ನತದೃಷ್ಟೆ. ಯಾರನ್ನಾದರೂ ಹೊಗಳುವ ಮುಂಚೆ ಎರಡು ಸಲ ಯೋಚಿಸಿ!

ಇದರಿಂದ ಏನು ಕಷ್ಟ ಅಂದರೆ, ಪ್ರಶ್ನೆ ಕೇಳುವಾಗ ನಮ್ಮ ದನಿ ತಾನಾಗೇ ಏರುತ್ತೆ. ಒಂದು ಏಪ್ರಿಲ್ ಮಧ್ಯಾಹ್ನ ಒಂದು ವತ್‌ಗೆ, ಅಂದರೆ ದೇವಸ್ಥಾನಕ್ಕೆ, ಹೊರಟಿದ್ದೆ. ಒಬ್ಬರನ್ನು 'ಕ್ಲೈ ಮೈ?' ಅಂತ ಕೇಳಿದೆ. ಹತ್ತಿರವಾ ಅಂತ ನನ್ನ ಲೆಕ್ಕ. ಅವರು 'ಕ್ಲೈ' ಅಂದರು. ಸರಿ ಅಂತ ನಡೆದೆ. ನಲವತ್ತು ನಿಮಿಷ ನಡೆದ ಮೇಲೆ ಗೊತ್ತಾಯಿತು, ಬೀಳುವ ಟೋನಿನ 'ಕ್ಲೈ' ಹತ್ತಿರ, ಸಮ ಟೋನಿನ 'ಕ್ಲೈ' ದೂರ. ಯಾವ ಪುಣ್ಯಾತ್ಮ ಹತ್ತಿರ ದೂರ ಎರಡಕ್ಕೂ ಒಂದೇ ಅಕ್ಷರದ ಪದ ಇಟ್ಟನೋ.

ಇಷ್ಟು ಹೆದರಿಸಿದ ಮೇಲೆ ಸಂತೋಷದ ಸುದ್ದಿ. ವ್ಯಾಕರಣ ಅಂತ ಹೆದರುವಂಥದ್ದು ಏನೂ ಇಲ್ಲ. ಕ್ರಿಯಾಪದ ಬದಲಾಗುವುದೇ ಇಲ್ಲ, ನಾನು ಹೋಗು, ಅವಳು ಹೋಗು, ನಿನ್ನೆ ಹೋಗು, ಎಲ್ಲದಕ್ಕೂ 'ಪೈ'. ಮುಗಿದ ಕೆಲಸಕ್ಕೆ ಕೊನೆಯಲ್ಲಿ 'ಲ್ಯಾವ್' ಸೇರಿಸಿ, ನಮ್ಮ 'ಆಯ್ತು' ಇದ್ದ ಹಾಗೆ. ಪದಗಳ ಸಾಲು ನಮ್ಮದರ ಹಾಗಲ್ಲ, ಅದೊಂದು ರೂಢಿ ಮಾಡಿಕೊಳ್ಳಬೇಕು. ಆದರೆ ಮಾತಿನ ಒಳಗಿನ ತಿರುವು ನೋಡಿದರೆ ನಮ್ಮ ಮನೆ ಮಾತೇ. 'ಲೋಙ್ ಕಿನ್ ದೂ' ಅಂದರೆ ತಿಂದು ನೋಡು. ಕಿನ್ ಅಂದರೆ ತಿನ್ನು, ದೂ ಅಂದರೆ ಕಣ್ಣಲ್ಲಿ ನೋಡುವ ಅದೇ ನೋಡು. ಇದನ್ನು ಇಂಗ್ಲಿಷಿನಲ್ಲಿ ಹೇಳಿಕೊಡಲು ಮೇಷ್ಟರು ಅರ್ಧ ಗಂಟೆ ತಗೊಂಡರು, ನನಗೆ ಒಂದು ಕ್ಷಣ ಸಾಕಾಯಿತು. 'ದಾಯ್ ಮೈ?' ಅಂದರೆ ಆಗುತ್ತಾ? 'ದಾಯ್' ಆಗುತ್ತೆ, 'ಮೈ ದಾಯ್' ಆಗಲ್ಲ. ಈ ಮೂರರಲ್ಲೇ ಅರ್ಧ ಬ್ಯಾಂಕಾಕ್ ಸುತ್ತಬಹುದು. 'ಮೈ ಪೆನ್ ರೈ' ಅಂದರೆ ಪರವಾಗಿಲ್ಲ. 'ಛಾ ಛಾ' ನಿಧಾನ ನಿಧಾನ. ಇನ್ನು ಹೌದು, ಅಲ್ಲ ಅನ್ನುವ ಪದ ಹುಡುಕಿಕೊಂಡು ಹೋಗಬೇಡಿ. ನಾವು ಇದೆಯಾ ಅಂದರೆ ಇದೆ, ಬೇಕಾ ಅಂದರೆ ಬೇಕು ಅನ್ನುತ್ತೇವಲ್ಲ, ಅವರೂ ಹಾಗೇ. 'ಮೀ ಮೈ?' 'ಮೀ.' 'ಆವ್ ಮೈ?' 'ಆವ್.' ಒಂದೇ ಎಚ್ಚರ, 'ಮೈ' ಮುಂದೆ ಬಂದರೆ ಇಲ್ಲ, ಹಿಂದೆ ಬಂದರೆ ಪ್ರಶ್ನೆ. 'ಫೆತ್ ಮೈ?' ಖಾರವಾ? 'ಮೈ ಫೆತ್', ಖಾರ ಇಲ್ಲ. ಟೋನೂ ಬೇರೆ, ಆದರೆ ಶುರುವಿನಲ್ಲಿ ಜಾಗವೇ ನಿಮ್ಮನ್ನು ಕಾಪಾಡುತ್ತೆ.

ಜನರನ್ನು ಕರೆಯುವುದೂ ನಮ್ಮ ಥರವೇ. ಹೋಟೆಲಿನಲ್ಲಿ ಚಪ್ಪಾಳೆ ತಟ್ಟಬೇಡಿ, ನಿಮಗಿಂತ ಸ್ವಲ್ಪ ದೊಡ್ಡವರಾದರೆ 'ಫೀ' ಅನ್ನಿ, ಅಣ್ಣನಿಗೂ ಅದೇ ಅಕ್ಕನಿಗೂ ಅದೇ. ಚಿಕ್ಕವರಿಗೆ 'ನೋಙ್'. ಅಪ್ಪ ಅಮ್ಮನ ವಯಸ್ಸು ದಾಟಿದವರಿಗೆ 'ಲುಙ್' ಅಥವಾ 'ಪಾ'. ಮೊಟ್ಟೆ ಪಾಠ ಮಾಡಿದ ಗಾಡಿಯವರನ್ನು ನಾನು ಕೊನೆವರೆಗೂ ಪಾ ಅಂತಲೇ ಕರೆದೆ. ಮೊದಮೊದಲು ನಾನು ಅವರನ್ನು 'ಬಟ್ಟೆ' ಅಂತ ಕರೆದಿದ್ದರೂ ಇರಬಹುದು.

ಸಂಸ್ಕೃತದ ವಿಷಯಕ್ಕೆ ಬರೋಣ. ನಿಜ, ಪದಗಳು ರಾಶಿ ಇವೆ. ಭಾಷಾ 'ಫಾಸಾ', ಗುರು 'ಖ್ರೂ', ಆಹಾರ 'ಆಹಾನ್', ವೇಳೆ 'ವೇಲಾ', ದೂರ ಶಬ್ದ 'ಥೋರಸಪ್' ಅಂದರೆ ಫೋನು. ವಿದ್ಯುತ್ ಅಲ್ಲಿ 'ವಿತ್ಥಯು' ಆಗಿ ರೇಡಿಯೋ ಆಗಿದೆ. 1934ರಲ್ಲಿ ಶುರುವಾದ ಥಮ್ಮಸಾತ್ ವಿಶ್ವವಿದ್ಯಾಲಯದ ಹೆಸರು ಧರ್ಮಶಾಸ್ತ್ರ. ನೀವು ಇಳಿಯುವ ವಿಮಾನ ನಿಲ್ದಾಣ ಬರೆಯುವುದು ಸುವರ್ಣಭೂಮಿ, ಓದುವುದು 'ಸುವನ್ನಫೂಮ್'. ತಿಂಗಳುಗಳಂತೂ ನಮ್ಮ ರಾಶಿಗಳೇ. ಜನವರಿ ಮಕರ, ಫೆಬ್ರವರಿ ಕುಂಭ, ಮಾರ್ಚ್ ಮೀನ, ಹೀಗೆ ಧನುವರೆಗೆ. 31 ದಿನ ಇದ್ದರೆ ಕೊನೆಗೆ 'ಖೊಮ್', 30 ಇದ್ದರೆ 'ಯೊನ್', ಕೈಯ ಗೆಣ್ಣು ಎಣಿಸುವ ಕೆಲಸವೇ ಇಲ್ಲ. ಏಪ್ರಿಲ್ 'ಮೇಸಾಯೊನ್', ಆಗ ಬರುವ ಹೊಸ ವರ್ಷದ ಸೊಂಗ್‌ಕ್ರಾನ್ ನಮ್ಮ ಸಂಕ್ರಾಂತಿ ಪದವೇ.

ಆದರೆ ಇದನ್ನು ನಂಬಿ ಕೂತರೆ ಮಾತು ಬರುವುದಿಲ್ಲ. ಈ ಪದಗಳು ಬೋರ್ಡ್ ಮೇಲೆ, ಸುದ್ದಿಯಲ್ಲಿ, ಸರ್ಕಾರಿ ಅರ್ಜಿಯಲ್ಲಿ ಜಾಸ್ತಿ. ತಿನ್ನು, ಕುಡಿ, ಬಾ, ಹೋಗು, ನೀರು, ಅನ್ನ, ಅಮ್ಮ, ಮನೆ ಇವೆಲ್ಲ ಅಚ್ಚ ಥಾಯ್. ಗಂಡನಿಗೆ 'ಸಾಮೀ' ಅಂದರೆ ನಮ್ಮ ಸ್ವಾಮಿ, ಅರ್ಥ ಆಗುತ್ತೆ, ಆದರೆ ದಿನದ ಮಾತಲ್ಲಿ ಗಂಡನಾಗಲಿ ಹೆಂಡತಿಯಾಗಲಿ 'ಫ್ಯಾನ್' ಅನ್ನುತ್ತಾರೆ, ಇದು ಮಾತ್ರ ಸಿನಿಮಾ ಅಭಿಮಾನಿಯ ಇಂಗ್ಲಿಷ್ ಫ್ಯಾನೇ. ನನ್ನ ಜೊತೆ ಬಂದಿದ್ದ ಒಬ್ಬರು ಸಂಸ್ಕೃತ ಪದಗಳ ಪಟ್ಟಿ ಮಾಡಿಕೊಂಡು ಖುಷಿಪಡುತ್ತಲೇ ಒಂದು ವರ್ಷ ಕಳೆದರು. ಕೊನೆಗೂ ಎಳನೀರು ಕೇಳಲು ಬೆರಳು ತೋರಿಸುತ್ತಿದ್ದರು.

ಒಂದು ಕಡೆ ಮಾತ್ರ ಸಂಸ್ಕೃತ ನನ್ನ ಹೊಟ್ಟೆ ಕಾಪಾಡಿತು. ನೀವು ಸಸ್ಯಾಹಾರಿ ಆದರೆ ಎರಡು ಪದ ಗೊತ್ತಿರಲಿ. 'ಮಂಗ್ಸವಿರತ್', ಅಂದರೆ ಮಾಂಸ ವಿರತಿ. ಇದರಲ್ಲಿ ಮೊಟ್ಟೆ, ಹಾಲು ಬರಬಹುದು. ಇನ್ನೊಂದು 'ಚೇ', ಹಳದಿ ಬಾವುಟದ ಮೇಲೆ ಕೆಂಪಲ್ಲಿ ಬರೆದಿರುತ್ತಾರೆ. ಅದರಲ್ಲಿ ಮೊಟ್ಟೆ, ಹಾಲು ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಬರೀ ತರಕಾರಿ ಹಾಕಿ ಅಂದರೂ ಮೀನಿನ ಸಾಸ್ ಬೀಳುತ್ತೆ, ಅವರಿಗೆ ಅದು ನಮ್ಮ ಉಪ್ಪಿನ ಹಾಗೆ. 'ಮೈ ಸೈ ನಮ್ ಪ್ಲಾ', ಮೀನಿನ ಸಾಸ್ ಹಾಕಬೇಡಿ, ಇದನ್ನು ವಿಮಾನ ಹತ್ತುವ ಮುಂಚೆ ಬಾಯಿಪಾಠ ಮಾಡಿ.

ಲಿಪಿ ಮೊದಲ ತಿಂಗಳು ಬೇಡ. ಎರಡನೇ ತಿಂಗಳು ಬೇಕೇ ಬೇಕು. 44 ವ್ಯಂಜನ ಅಂದರೆ ಜಾಸ್ತಿ ಅನ್ನಿಸುತ್ತೆ, ಆದರೆ ಸಾಲು ನಮ್ಮದೇ, ಕ ಖ ದಿಂದ ಙ ವರೆಗೆ, ಆಮೇಲೆ ಚ ವರ್ಗ, ಹೀಗೆ. ಎರಡು ಅಕ್ಷರ ಈಗ ಬಳಕೆಯಲ್ಲೇ ಇಲ್ಲ. ಮುಖ್ಯ ವಿಷಯ ಏನೆಂದರೆ ಯಾವ ಟೋನ್ ಅನ್ನುವುದು ಬರವಣಿಗೆಯಲ್ಲೇ ಅಡಗಿದೆ. ವ್ಯಂಜನ ಮೂರು ಗುಂಪು, ನಾಲ್ಕು ಟೋನ್ ಗುರುತು, ಇವು ಸೇರಿ ಟೋನ್ ಹೇಳುತ್ತವೆ. ಓದಲು ಬಂದ ಮೇಲೆ ಹತ್ತಿರ ದೂರದ ಗೊಂದಲ ನನಗೆ ತಾನಾಗೇ ಹೋಯಿತು.

ಮೊದಲ ತಿಂಗಳು ದಿನಾ ಅರ್ಧ ಗಂಟೆ ಥಾಯ್ ಮಾತಾಡುವ ಒಬ್ಬರ ಜೊತೆ ಆನ್‌ಲೈನಿನಲ್ಲಿ ಕೂರಿ. ತಪ್ಪಾದಾಗ ನಕ್ಕು ಬಿಟ್ಟುಬಿಡಬೇಡಿ, ಪ್ರತಿ ಸಲ ತಿದ್ದಿ ಅಂತ ಮೊದಲೇ ಹೇಳಿ. ಅವರು ಸಂಕೋಚದಿಂದ 'ಕೇಂಗ್ ಮಾಕ್', ಅಂದರೆ ಭಾರಿ ಚೆನ್ನಾಗಿ ಮಾತಾಡ್ತೀರಿ ಅಂತ ಹೊಗಳುತ್ತಾರೆ, ನಂಬಬೇಡಿ. ಬ್ಯಾಂಕಾಕ್‌ನಲ್ಲಿ ಬಿಟಿಎಸ್ ರೈಲು ಹತ್ತಿದಾಗ ಕಿವಿ ತೆರೆದಿಡಿ, 'ಸಥಾನೀ ತೋ ಪೈ', ಮುಂದಿನ ನಿಲ್ದಾಣ ಅನ್ನುತ್ತೆ. ಸ್ಥಾನ ಗುರುತು ಸಿಕ್ತಲ್ವಾ? ಅದರ ಹಿಂದೆಯೇ ಬೆಳಿಗ್ಗೆ ಸಂಜೆ ಗುನುಗಿ, ಪುಕ್ಕಟೆ ಪಾಠ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಥಾಯ್ ಕಲಿಸಲು ಸುಮಾರು 1100 ಗಂಟೆ ತರಗತಿ ಇಟ್ಟಿದೆ. ಅದು ಇಂಗ್ಲಿಷ್ ಬಾಯಿಯ ಲೆಕ್ಕ. ನನಗೆ ಊಟ, ದಾರಿ, ಚೌಕಾಸಿಗೆ ಮೂರು ತಿಂಗಳು ಸಾಕಾಯಿತು, ಆಫೀಸಿನ ಹರಟೆ ಅರ್ಥವಾಗಲು ಒಂದು ವರ್ಷದ ಮೇಲೆ ಹಿಡಿಯಿತು.

ಮೊದಲ ವಾರವೇ ನಿಮ್ಮನ್ನು ಯಾರಾದರೂ 'ಕಿನ್ ಖಾವ್ ರೂ ಯಙ್?' ಅಂತ ಕೇಳುತ್ತಾರೆ. ಗಾಬರಿ ಬೇಡ, ನಮ್ಮ 'ಊಟ ಆಯ್ತಾ?' ಅಷ್ಟೇ. ಆಗಿದ್ದರೆ 'ಕಿನ್ ಲ್ಯಾವ್'. ಆಗಿಲ್ಲದಿದ್ದರೆ ಬರೀ 'ಯಙ್', ಅಂದರೆ 'ಇನ್ನೂ'. ಕೇಳಿದವರು ಗಾಡಿಯ ಪಾ ಆಗಿದ್ದರೆ ಯಙ್ ಅನ್ನುವ ಮುಂಚೆ ಕೋಳಿಯೋ ಮೊಟ್ಟೆಯೋ ತೀರ್ಮಾನ ಮಾಡಿಕೊಂಡಿರಿ, ಪ್ಲಾಸ್ಟಿಕ್ ಸ್ಟೂಲು ಆಗಲೇ ನಿಮ್ಮ ಕಡೆ ಬರುತ್ತಿರುತ್ತೆ.