ರೆಕಾರ್ಡ್ ಬಟನ್ ಒತ್ತಿದ ಕೂಡಲೇ ಬಾಯಿ ಕಟ್ಟುವ ಹುಡುಗಿ: ಒಂದು ಆಪ್ತಸಲಹೆ ಪ್ರಕರಣ

(ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಬಿ.ಎ. ಮೊದಲ ವರ್ಷ. ಊರು ಹಿರಿಯೂರು ಕಡೆಯ ಹಳ್ಳಿ, ಈಗ ಹಾಸ್ಟೆಲ್ ವಾಸ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮೀಡಿಯಂ, ಕನ್ನಡದಲ್ಲಿ 125ಕ್ಕೆ 120ರ ಮೇಲೆ ಅಂಕ. ಇಂಗ್ಲಿಷ್ ಕ್ಲಾಸಿನಲ್ಲಿ ಎರಡು ಕೆಲಸ ಕೊಟ್ಟಿದ್ದರು. ಒಂದು ವಿಷಯ ಆರಿಸಿಕೊಂಡು ಮೂರು ನಿಮಿಷ ಮಾತಾಡಿ ವಿಡಿಯೊ ಕಳಿಸಬೇಕು. ಅದೇ ವಿಷಯದ ಮೇಲೆ ಆಧಾರ ಸಮೇತ ಪ್ರಬಂಧ ಬರೆಯಬೇಕು. ಇವಳು ಕ್ಲಾಸಿಗೆ ಹೋಗುವುದನ್ನೇ ಬಿಟ್ಟಿದ್ದಳು. ರೂಮಿನವರಿಗೆ ಗಂಟಲು ನೋವು ಅಂತ ಹೇಳುತ್ತಿದ್ದಳು.

"ಮೇಡಂ, ನಂಗೆ ಇಂಗ್ಲಿಷ್ ಬರಲ್ಲ. ಎಷ್ಟು ಸಲ ರೆಕಾರ್ಡ್ ಮಾಡಿದ್ರೂ ಮಧ್ಯೆ ನಿಂತೋಗುತ್ತೆ. ಡಿಲೀಟ್ ಮಾಡಿ ಮತ್ತೆ ಮೊದ್ಲಿಂದ ಶುರು ಮಾಡ್ತೀನಿ."

ಎಲ್ಲಿ ನಿಲ್ಲುತ್ತೆ ಅಂತ ಕೇಳಿದೆ. ಬ್ಯಾಗಿನಿಂದ ಹಾಳೆ ತೆಗೆದಳು. ಎರಡೂ ಬದಿ ಒತ್ತಾಗಿ ಬರೆದದ್ದು. ಅನಾದಿ ಕಾಲದಿಂದ ನೀರೇ ಮನುಕುಲದ ಜೀವಾಳ ಅನ್ನುವ ಧಾಟಿಯ ಭಾರದ ಇಂಗ್ಲಿಷ್. ನೆಟ್‌ನಿಂದ ಎತ್ತಿದ್ದು ಅಂತ ಅವಳೇ ಹೇಳಿದಳು. 'ರಿಸರ್ವಾಯರ್' ಅನ್ನುವ ಪದದ ಕೆಳಗೆ ಪೆನ್ಸಿಲ್‌ನಲ್ಲಿ ಉಚ್ಚಾರಣೆ ಬರೆದು, ಅಳಿಸಿ, ಮತ್ತೆ ಬರೆದು, ಆ ಜಾಗದಲ್ಲಿ ಹಾಳೆ ತೂತು ಬಿದ್ದಿತ್ತು. ನಿಲ್ಲುತ್ತಿದ್ದದ್ದು ಅಲ್ಲೇ.

ಪ್ರಬಂಧವನ್ನು ಬಾಯಿಪಾಠ ಮಾಡಿ ಭಾಷಣ ಮಾಡಲು ಹೊರಟಿದ್ದಳು. ಆರುನೂರಕ್ಕೂ ಜಾಸ್ತಿ ಪದ ಇತ್ತು. ಆರಾಮಾಗಿ ಇಂಗ್ಲಿಷ್ ಮಾತಾಡಿದರೆ ನಿಮಿಷಕ್ಕೆ 120ರಿಂದ 130 ಪದ. ಮೂರು ನಿಮಿಷಕ್ಕೆ ನಾನೂರರೊಳಗೇ ಮುಗಿಯಬೇಕು. ಇವಳು ಓಡುತ್ತಿದ್ದಳು, ಏದುಸಿರು ಬರುತ್ತಿತ್ತು, ಅದನ್ನೇ ಭಯ ಅಂದುಕೊಂಡು ಇನ್ನಷ್ಟು ಹೆದರುತ್ತಿದ್ದಳು. ಭಯವೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ನಿದ್ದೆ, ಊಟ ಕೆಟ್ಟಿರಲಿಲ್ಲ. ಬೇರೆ ಕ್ಲಾಸಿನಲ್ಲಿ ಚೆನ್ನಾಗಿಯೇ ಇದ್ದಳು. ಹಾಗಿರದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಹಾಳೆ ಮಡಚಿಡು, ನೀರಿನ ಬಗ್ಗೆ ನಿನಗೆ ಗೊತ್ತಿರುವುದನ್ನು ಕನ್ನಡದಲ್ಲೇ ಹೇಳಮ್ಮಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮಾರಿಕಣಿವೆಯ, ಅಂದರೆ ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ ಡ್ಯಾಂನ ಮಾತು ಬಂತು.

"ಅಜ್ಜಿ ಯಾವಾಗ್ಲೂ ಹೇಳ್ತಿದ್ಲು ಮೇಡಂ, ಅವಳ ಅಪ್ಪ ಕೋಡಿ ಬಿದ್ದಿದ್ದು ನೋಡಿದ್ರಂತೆ. ನಾನು ಸಾಯೋದ್ರೊಳಗೆ ನೋಡ್ತೀನೋ ಇಲ್ವೋ ಅಂತಿದ್ಲು. 2022ರಲ್ಲಿ ಬಿತ್ತಲ್ಲ, ಅಪ್ಪ ಟ್ರ್ಯಾಕ್ಟರ್‌ನಲ್ಲಿ ಮನೆಯವ್ರನ್ನೆಲ್ಲಾ ಕರ್ಕೊಂಡು ಹೋದ್ರು."

ಎಲ್ಲೂ ತಡವರಿಸಲಿಲ್ಲ. ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದ ಮೇಲೆ 89 ವರ್ಷ ಬಿದ್ದಿರಲಿಲ್ಲ. ಇಂಥ ವಿಷಯ ಮನೆಯಲ್ಲೇ ಇಟ್ಟುಕೊಂಡು ಮನುಕುಲದ ಜೀವಾಳ ಯಾಕೆ ಬೇಕು, ಅಲ್ವಾ?

ಭಾಷಣಕ್ಕೆ ನಾನು ಹೇಳಿದ್ದು ಇಷ್ಟು. ಪೂರ್ತಿ ಬರೆದಿಟ್ಟುಕೊಳ್ಳಬೇಡ. ಮೊದಲ ವಾಕ್ಯ, ಕೊನೆಯ ವಾಕ್ಯ ಮಾತ್ರ ಬಾಯಿಗೆ ಬಂದಿರಲಿ. ನಡುವಿನದಕ್ಕೆ ಒಂದು ಚೀಟಿಯಲ್ಲಿ ನಾಲ್ಕೈದು ಪದ ಸಾಕು: ಅಜ್ಜಿ, 1933, ಟ್ರ್ಯಾಕ್ಟರ್, ತೋಟ. 'ರಿಸರ್ವಾಯರ್' ತೆಗೆದು 'ಡ್ಯಾಂ' ಅನ್ನು, ಯಾರೂ ಮಾರ್ಕ್ಸ್ ಕಳೆಯುವುದಿಲ್ಲ. ಮೊದಲು ಬರೀ ಧ್ವನಿ ರೆಕಾರ್ಡ್ ಮಾಡು, ವಿಡಿಯೊ ಆಮೇಲೆ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಫ್ಯಾನ್ ಆಫ್ ಇರಲಿ, ಬೆಳಕು ಮುಖದ ಮೇಲೆ ಬೀಳಲಿ. ಮೂರೇ ಸಲ ಮಾಡು, ಯಾವುದನ್ನೂ ಅಲ್ಲೇ ಡಿಲೀಟ್ ಮಾಡಬೇಡ. ಮೂರರಲ್ಲಿ ಒಂದನ್ನು ಆರಿಸು. ಒಂದು ಕಡೆ ತಪ್ಪಿದರೆ ನಿಲ್ಲಿಸದೆ ಆ ವಾಕ್ಯವನ್ನೇ ಇನ್ನೊಮ್ಮೆ ಹೇಳಿ ಮುಂದೆ ಹೋಗು.

"ನನ್ ಧ್ವನಿ ನಂಗೇ ಕೇಳಕ್ಕಾಗಲ್ಲ ಮೇಡಂ" ಅಂದಳು. ಇದು ಎಲ್ಲರಿಗೂ ಆಗುವುದೇ. ಮಾತಾಡುವಾಗ ನಮ್ಮ ಧ್ವನಿ ತಲೆಯ ಮೂಳೆಯ ಮೂಲಕವೂ ಕಿವಿಗೆ ಬರುತ್ತದೆ, ದಪ್ಪಗೆ ಕೇಳುತ್ತದೆ. ರೆಕಾರ್ಡಿಂಗ್‌ನಲ್ಲಿ ಅದಿಲ್ಲ, ಅದಕ್ಕೇ ತೆಳು. ಬೇರೆಯವರು ದಿನಾ ಕೇಳುವುದು ಆ ತೆಳು ಧ್ವನಿಯನ್ನೇ.

ಇನ್ನೊಂದು ಸಂಗತಿ ಆಮೇಲೆ ಹೊರಬಂತು. ವಿಡಿಯೊಗಳನ್ನು ಕ್ಲಾಸಿನ ವಾಟ್ಸಾಪ್ ಗ್ರೂಪಿಗೇ ಹಾಕಬೇಕಿತ್ತು. ಯಾರೋ ಒಬ್ಬನ ವಿಡಿಯೊ ಸ್ಟಿಕರ್ ಆಗಿ ಓಡಾಡುತ್ತಿತ್ತು. ಹೀಗೆ ಹಾಕಿಸುವುದು ನನಗಂತೂ ಸರಿ ಕಾಣುವುದಿಲ್ಲ. ಅವಳ ಒಪ್ಪಿಗೆ ಪಡೆದು ಲೆಕ್ಚರರ್ ಜೊತೆ ಮಾತಾಡಿದೆ. ಇನ್ನು ಮೇಲೆ ತಮ್ಮ ಮೇಲ್‌ಗೇ ಕಳಿಸಲಿ ಅಂತ ಅವರು ತಕ್ಷಣ ಒಪ್ಪಿದರು. ಆ ಒಂದು ಬದಲಾವಣೆಯೇ ಅರ್ಧ ಭಾರ ಇಳಿಸಿತು ಅಂತ ನನ್ನ ಲೆಕ್ಕ.

ಪ್ರಬಂಧದ ದಾರಿ ಬೇರೆ. ಭಾಷಣದಲ್ಲಿ ಅಜ್ಜಿ ಮೊದಲು ಬರಬಹುದು. ಪ್ರಬಂಧದಲ್ಲಿ ಮೊದಲು ನಿನ್ನ ವಾದ ಬರಬೇಕು. "ಜಾಸ್ತಿ ಮಳೆ ಬಂದಿದ್ದಕ್ಕೆ ಕೋಡಿ ಬಿತ್ತು" ಅಂತ ಬರೆದಿದ್ದಳು. ಮಳೆಯೊಂದೇನಾ ಅಂತ ಕೇಳಿದೆ. ಭದ್ರಾ ನದಿಯ ನೀರನ್ನು ಬಯಲುಸೀಮೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಆ ಹೊತ್ತಿಗೆ ಅಲ್ಲಿಗೆ ಬರುತ್ತಿತ್ತಲ್ಲ. ಅಲ್ಲಿಂದ ವಾಕ್ಯ ಬದಲಾಯಿತು: ಮಳೆ ಮುಖ್ಯ ಕಾರಣವಾಗಿರಬಹುದು, ಭದ್ರಾ ನೀರೂ ಸೇರಿತ್ತು. ಪ್ರತಿ ಅಂಕಿಗೂ ಎಲ್ಲಿಂದ ತಗೊಂಡೆ ಅಂತ ಪಕ್ಕದಲ್ಲೇ ಬರೆದಿಡು, ಕೊನೆಗೆ ಹುಡುಕುತ್ತಾ ಕೂರಬೇಡ ಅಂದೆ. ಒಂದು ಪ್ಯಾರಾಕ್ಕೆ ಒಂದೇ ಮಾತು. ನೆಟ್‌ನಲ್ಲಿ ಓದಿದ್ದನ್ನು ಪುಟ ಮುಚ್ಚಿ ನಿನ್ನ ಮಾತಲ್ಲಿ ಬರೆ, ಆಮೇಲೆ ತೆರೆದು ತಾಳೆ ನೋಡು.

"ಹಂಗಾದ್ರೆ ಅಜ್ಜಿ ಹೇಳಿದ್ದು ಬರೆಯಂಗಿಲ್ವಾ?" ಬರೆಯಬಹುದು. ಆಧಾರ ಸೂಚಿಸಲು ಅವರ ಕಾಲೇಜಿನಲ್ಲಿ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಪದ್ಧತಿ. ಅದರಲ್ಲಿ ಹೀಗೆ ಬಾಯಿಮಾತಾಗಿ ಕೇಳಿದ್ದನ್ನು 'ವೈಯಕ್ತಿಕ ಸಂವಹನ' ಅಂತ ತಾರೀಕು ಹಾಕಿ ಪ್ರಬಂಧದೊಳಗೇ ಸೂಚಿಸುತ್ತಾರೆ, ಕೊನೆಯ ಪಟ್ಟಿಗೆ ಸೇರಿಸುವುದಿಲ್ಲ. ಅಜ್ಜಿಗೆ ಫೋನ್ ಮಾಡಿ ಇನ್ನೊಮ್ಮೆ ಕೇಳಿ ತಾರೀಕು ಬರೆದುಕೊಂಡಳು.

ಎರಡನ್ನೂ ಗಡುವಿನೊಳಗೆ ಕೊಟ್ಟಳು. ವಿಡಿಯೊದಲ್ಲಿ ಎರಡು ಕಡೆ ತಡವರಿಸಿದ್ದಾಳೆ, ಹಾಗೇ ಕಳಿಸಿದ್ದಾಳೆ. ಪ್ರಬಂಧದಲ್ಲಿ ಒಂದು ಅಂಕಿಗೆ ಮೂಲ ಕೊಟ್ಟಿಲ್ಲ ಅಂತ ಲೆಕ್ಚರರ್ ಕೆಂಪು ಗೆರೆ ಎಳೆದಿದ್ದಾರೆ. ಮುಂದಿನ ಸೆಮಿಸ್ಟರ್‌ನಲ್ಲಿ ಎಲ್ಲರ ಎದುರು ನಿಂತು ಮಾತಾಡಬೇಕಂತೆ. ಅದಕ್ಕೆ ಮೊದಲು ಇಬ್ಬರು ಗೆಳತಿಯರ ಮುಂದೆ, ಆಮೇಲೆ ಐದಾರು ಜನರ ಮುಂದೆ ಮಾತಾಡಿ ನೋಡುವುದು ಅಂತ ಸದ್ಯಕ್ಕೆ ಮಾತಾಗಿದೆ.